ಗೋಡೆ ನೋಡಿ ಕೋವಿ ಕೊಳ್ಳಿ: ಅಮೆರಿಕದ ಮನೆಗೆ ಯಾವ ಬಂದೂಕು, ಯಾವ ಗುಂಡು?

ಟೆಕ್ಸಸ್‌ನಲ್ಲಿ ಮನೆ ಕೊಂಡ ಮೊದಲ ವಾರವೇ ನಮ್ಮ ಗೋಡೆಗೆ ತೂತು ಬಿತ್ತು. ಗುಂಡಿನಿಂದಲ್ಲ, ಬಾಗಿಲ ಹಿಡಿಯಿಂದ. ಮಗ ಓಡಿಬಂದು ಬಾಗಿಲು ತಳ್ಳಿದ, ಹಿಡಿ ಹೋಗಿ ಗೋಡೆಗೆ ಬಡಿಯಿತು, ಮುಷ್ಟಿ ಹೋಗುವಷ್ಟು ತೂತಾಯಿತು. ಊರಿನಲ್ಲಿ ಒಂದು ಕ್ಯಾಲೆಂಡರ್ ನೇತುಹಾಕಲು ಹೋಗಿ ಮೂರು ಮೊಳೆ ಸೊಟ್ಟ ಮಾಡಿಕೊಂಡವನು ನಾನು. ಇಲ್ಲಿ ಗೋಡೆಯೇ ಸೋತುಬಿಟ್ಟಿತ್ತು. ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದೆ. ಒಳಗೆ ಬರೀ ಗಾಳಿ. ನಾಲ್ಕು ಬೆರಳಿನಷ್ಟು ಆಚೆ ಇನ್ನೊಂದು ಹಲಗೆಯ ಬೆನ್ನು. ಆ ಹಲಗೆಗೆ ಒರಗಿಕೊಂಡೇ ಮಗಳ ಮಂಚ.

ಎರಡು ವರ್ಷ ಬಿಟ್ಟು, ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ ಮೇಲೆ, ಬಂದೂಕಿನ ಮಾತು ನಮ್ಮ ಮನೆಯಲ್ಲೂ ಬಂತು. ಅಂಗಡಿಗೆ ಹೋದರೆ ಎಲ್ಲರೂ ಬಂದೂಕಿನ ಬಗ್ಗೆಯೇ ಹೇಳುತ್ತಾರೆ. ಗೋಡೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಅದಕ್ಕೇ ಈ ಬರಹ. ಬಂದೂಕು ಇಟ್ಟುಕೊಳ್ಳಬೇಕಾ ಬೇಡವಾ ಎನ್ನುವುದು ನಿಮ್ಮ ಮನೆಯ ತೀರ್ಮಾನ. ಇಟ್ಟುಕೊಳ್ಳುತ್ತೇವೆ ಅಂತ ತೀರ್ಮಾನಿಸಿದವರು ಯಾವುದನ್ನು, ಯಾವ ಗುಂಡಿನ ಜೊತೆ ಇಟ್ಟುಕೊಂಡರೆ ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಅಪಾಯ ಕಡಿಮೆ ಎನ್ನುವುದು ಇಲ್ಲಿನ ವಿಷಯ.

ಮೊದಲು ಗೋಡೆ

ಅಮೆರಿಕದ ಮನೆಯ ಒಳಗೋಡೆ ಅಂದರೆ ಅರ್ಧ ಇಂಚು ದಪ್ಪದ ಎರಡು ಜಿಪ್ಸಂ ಹಲಗೆ. ಇದನ್ನೇ ಡ್ರೈವಾಲ್ ಅನ್ನುವುದು. ನಡುವೆ ಮೂರೂವರೆ ಇಂಚು ಖಾಲಿ ಜಾಗ. 16 ಇಂಚಿಗೊಂದು ಮರದ ಕಂಬ. ಗುಂಡಿಗೆ ಈ ಕಂಬ ಸಿಕ್ಕರೆ ಸ್ವಲ್ಪ ತಡೆ, ಸಿಗುವ ಸಂಭವ ಕಡಿಮೆ. ಕಂಬ ಬರೀ ಒಂದೂವರೆ ಇಂಚು ಅಗಲ ಅಲ್ವಾ?

ಹೊರಗೋಡೆ ಇನ್ನೊಂದು ಮೋಸ. ಟೆಕ್ಸಸ್‌ನಲ್ಲಿ ನಮ್ಮವರು ಮನೆ ತೋರಿಸುವಾಗ "ಫುಲ್ ಬ್ರಿಕ್" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಅದು ಇಟ್ಟಿಗೆಯ ಮನೆಯಲ್ಲ, ಮರದ ಮನೆಗೆ ತೊಡಿಸಿದ ಒಂದೇ ಸಾಲಿನ ಇಟ್ಟಿಗೆಯ ಅಂಗಿ. ಪಿಸ್ತೂಲಿನ ಗುಂಡನ್ನು ಆ ಇಟ್ಟಿಗೆ ಸಾಮಾನ್ಯವಾಗಿ ತಡೆಯುತ್ತದೆ. ಆದರೆ ಕಿಟಕಿ ತಡೆಯುವುದಿಲ್ಲ, ಬಾಗಿಲು ತಡೆಯುವುದಿಲ್ಲ. ಇಟ್ಟಿಗೆ ಇಲ್ಲದೆ ಬರೀ ಪ್ಲಾಸ್ಟಿಕ್ ಸೈಡಿಂಗ್ ಹೊದ್ದ ಮನೆಗಳಂತೂ ಗುಂಡಿನ ಮಟ್ಟಿಗೆ ರಟ್ಟಿನ ಡಬ್ಬ.

ಅಪಾರ್ಟ್‌ಮೆಂಟ್ ಆದರೆ ಆ ಗೋಡೆಯ ಆಚೆ ಇರುವುದು ನಿಮ್ಮ ಮಕ್ಕಳಲ್ಲ, ಬೇರೆಯವರ ಮಕ್ಕಳು. 2020ರ ಮಾರ್ಚ್ 13ರ ರಾತ್ರಿ ಕೆಂಟಕಿಯ ಲೂಯಿವಿಲ್‌ನಲ್ಲಿ ಬ್ರಿಯೋನಾ ಟೇಲರ್ ಪೊಲೀಸರ ಗುಂಡಿಗೆ ಸತ್ತ ಸುದ್ದಿ ಎಲ್ಲರಿಗೂ ಗೊತ್ತು. ಅದೇ ರಾತ್ರಿ ಪೊಲೀಸರು ಹಾರಿಸಿದ ಕೆಲವು ಗುಂಡುಗಳು ಗೋಡೆ ದಾಟಿ ಪಕ್ಕದ ಮನೆಗೆ ನುಗ್ಗಿದ್ದವು. ಅಲ್ಲಿ ಒಬ್ಬ ಗರ್ಭಿಣಿ, ಅವಳ ಪುಟ್ಟ ಮಗು ಇದ್ದರು. ಪುಣ್ಯಕ್ಕೆ ಯಾರಿಗೂ ತಾಗಲಿಲ್ಲ. ಅವನ್ನು ಹಾರಿಸಿದ ಪೊಲೀಸನ ಮೇಲೆ ಮೊದಲು ಬಂದ ಮೊಕದ್ದಮೆ ಈ ಗೋಡೆ ದಾಟಿದ ಗುಂಡುಗಳದ್ದೇ. ತರಬೇತಿ ಪಡೆದವರ ಕಥೆ ಇದು.

ಗೋಡೆಯಲ್ಲಿ ನಿಲ್ಲುವ ಗುಂಡು ಅಂತ ಒಂದಿದೆಯಾ?

ಇಲ್ಲ. ಅಂದರೆ ಕೆಲಸಕ್ಕೆ ಬರುವಂಥದ್ದು ಇಲ್ಲ. ಯಾಕೆ ಅಂತ ತಿಳಿಯಲು 1986ಕ್ಕೆ ಹೋಗಬೇಕು.

ಆ ವರ್ಷ ಏಪ್ರಿಲ್ 11ರಂದು ಮಯಾಮಿಯಲ್ಲಿ ಎಫ್‌ಬಿಐನ ಎಂಟು ಏಜೆಂಟರಿಗೂ ಇಬ್ಬರು ದರೋಡೆಕೋರರಿಗೂ ಗುಂಡಿನ ಕಾಳಗ ನಡೆಯಿತು. ಇಬ್ಬರು ಏಜೆಂಟರು ಸತ್ತರು, ಐವರಿಗೆ ಗಾಯವಾಯಿತು. ಒಬ್ಬ ದರೋಡೆಕೋರನಿಗೆ ಶುರುವಿನಲ್ಲೇ 9 ಎಂಎಂ ಗುಂಡು ಬಿದ್ದಿತ್ತು. ಅದು ತೋಳು ದಾಟಿ ಎದೆಗೆ ಹೊಕ್ಕು, ಹೃದಯದ ಹತ್ತಿರ ಬಂದು ನಿಂತುಬಿಟ್ಟಿತು. ಅವನು ಅದಾದ ಮೇಲೂ ಗುಂಡು ಹಾರಿಸುತ್ತಲೇ ಇದ್ದ. ಈ ಘಟನೆಯ ನಂತರ ಎಫ್‌ಬಿಐ ಗುಂಡುಗಳಿಗೆ ಒಂದು ಪರೀಕ್ಷೆ ಇಟ್ಟಿತು. ಮಾಂಸದ ಬದಲು ಜೆಲಟಿನ್ ಗಟ್ಟಿ ಬಳಸುತ್ತಾರೆ. ಗುಂಡು ಅದರಲ್ಲಿ ಕನಿಷ್ಠ 12 ಇಂಚು ಹೋಗಬೇಕು, 18 ಇಂಚು ಮೀರಬಾರದು. ಇವತ್ತು ಆತ್ಮರಕ್ಷಣೆಗೆ ಅಂತ ಮಾರುವ ಬಹುತೇಕ ಗುಂಡುಗಳ ಡಬ್ಬದ ಮೇಲಿನ ಜಾಹೀರಾತು ಈ ಅಳತೆಯ ಸುತ್ತಲೇ ಸುತ್ತುತ್ತದೆ.

ಈಗ ನೀವೇ ಯೋಚಿಸಿ. ಒಂದು ಅಡಿ ಜೆಲಟಿನ್ ದಾಟುವ ಗುಂಡಿಗೆ ಅರ್ಧ ಇಂಚಿನ ಜಿಪ್ಸಂ ಹಲಗೆ ಏನು ಲೆಕ್ಕ? ನುಗ್ಗಿದವನನ್ನು ನಿಲ್ಲಿಸುವ ಯಾವ ಗುಂಡನ್ನೂ ಡ್ರೈವಾಲ್ ನಿಲ್ಲಿಸುವುದಿಲ್ಲ. "ಗೋಡೆ ದಾಟದ ಗುಂಡು ಕೊಡಿ" ಅಂತ ಅಂಗಡಿಯಲ್ಲಿ ಕೇಳಿದರೆ ಯಾರಾದರೂ ಏನನ್ನಾದರೂ ಕೊಡುತ್ತಾರೆ. ಕೇಳಬೇಕಾದ್ದು ಬೇರೆ: ಗೋಡೆ ದಾಟಿದ ಮೇಲೆ ಇದರ ಕಸುವು ಎಷ್ಟು ಉಳಿಯುತ್ತದೆ? ಮತ್ತು ನಾನು ಗುರಿ ತಪ್ಪುವ ಸಂಭವ ಯಾವುದರಲ್ಲಿ ಕಡಿಮೆ? ಎರಡನೆಯದೇ ದೊಡ್ಡ ಪ್ರಶ್ನೆ. ತಾಗಿದ ಗುಂಡು ದೇಹದಲ್ಲೇ ಬಹಳಷ್ಟು ಕಸುವು ಕಳೆದುಕೊಳ್ಳುತ್ತದೆ. ತಪ್ಪಿದ ಗುಂಡು ಪೂರ್ತಿ ಕಸುವಿನೊಂದಿಗೆ ಗೋಡೆಗೆ ಹೋಗುತ್ತದೆ. ಗಾಬರಿಯಲ್ಲಿ ಪೊಲೀಸರ ಗುಂಡುಗಳೇ ಅರ್ಧಕ್ಕಿಂತ ಜಾಸ್ತಿ ತಪ್ಪುತ್ತವೆ. ರಾತ್ರಿ ಎರಡು ಗಂಟೆಗೆ, ನಿದ್ದೆಗಣ್ಣಲ್ಲಿ, ಬನಿಯನ್ ಹಾಕಿಕೊಂಡು ನಿಂತ ನಾನು ನೀವು ಯಾವ ಲೆಕ್ಕ?

ನಾಲ್ಕು ಗೋಡೆಗಳ ಪ್ರಯೋಗ

ನಮ್ಮ ಗೆಳೆಯರೊಬ್ಬರಿಗೆ ಊರಾಚೆ ಹತ್ತಾರು ಎಕರೆ ಜಾಗ ಇದೆ. ಒಂದು ಶನಿವಾರ ಅಲ್ಲಿಗೆ ಮಿಕ್ಕಿದ ಡ್ರೈವಾಲ್ ತುಂಡುಗಳನ್ನು ಒಯ್ದೆವು. ಮರದ ಚೌಕಟ್ಟಿಗೆ ಎರಡೂ ಬದಿ ಹಲಗೆ ಬಡಿದು ನಾಲ್ಕು ಸುಳ್ಳುಗೋಡೆ ಮಾಡಿದೆವು. ಹತ್ತತ್ತು ಅಡಿ ದೂರದಲ್ಲಿ ಒಂದರ ಹಿಂದೆ ಒಂದು ನಿಲ್ಲಿಸಿದೆವು. ಅದರ ಹಿಂದೆ ಸಾಲಾಗಿ ನೀರು ತುಂಬಿದ ಕ್ಯಾನ್, ಅದರ ಹಿಂದೆ ಎತ್ತರದ ಮಣ್ಣಿನ ದಿಬ್ಬ. ಇದು ಲ್ಯಾಬ್ ಅಲ್ಲ, ಸುಮ್ನೆ ನಮ್ಮ ಕಣ್ಣಿಗೆ ಸಮಾಧಾನ ಆಗಲಿ ಅಂತ ಮಾಡಿದ್ದು.

ಮೊದಲು 9 ಎಂಎಂ ಪಿಸ್ತೂಲು. ತಾಮ್ರ ಪೂರ್ತಿ ಹೊದ್ದ ಮಾಮೂಲಿ ಗುಂಡು ನಾಲ್ಕೂ ಗೋಡೆ ದಾಟಿತು. ಅದು ನಿರೀಕ್ಷಿತ. ನಂತರ ಹಾಲೋ ಪಾಯಿಂಟ್. ಇದರ ತುದಿಯಲ್ಲಿ ಕುಳಿ ಇರುತ್ತದೆ. ದೇಹದ ನೀರಿನಂಶ ಆ ಕುಳಿಗೆ ತುಂಬಿ, ಗುಂಡು ದಾಸವಾಳದ ಹೂವಿನ ಹಾಗೆ ಅರಳಿ ಬೇಗ ನಿಲ್ಲಬೇಕು. ಅದೂ ನಾಲ್ಕೂ ಗೋಡೆ ದಾಟಿತು! ಕ್ಯಾನ್‌ನೊಳಗಿಂದ ಗುಂಡು ತೆಗೆದು ನೋಡಿದರೆ ಕುಳಿಯಲ್ಲಿ ಬಿಳಿ ಪುಡಿ ಗಟ್ಟಿಯಾಗಿ ತುರುಕಿಕೊಂಡಿತ್ತು, ಚಾಕ್‌ಪೀಸ್ ಮುರಿದು ಬಿರಡೆ ಹಾಕಿದ ಹಾಗೆ. ಕುಳಿ ಮುಚ್ಚಿದರೆ ಅರಳುವುದು ಎಲ್ಲಿಂದ? ಗೋಡೆಗೆ ಮೊದಲು ಬಡಿದ ಹಾಲೋ ಪಾಯಿಂಟ್ ಎಷ್ಟೋ ಸಲ ಮಾಮೂಲಿ ಗುಂಡಿನ ಹಾಗೇ ವರ್ತಿಸುತ್ತದೆ. ನಾನು ಆ ದಿನ ಕಲಿತ ದೊಡ್ಡ ಪಾಠ ಇದು. ಅಂಗಡಿಯವರು "ಹಾಲೋ ಪಾಯಿಂಟ್ ಹಾಕಿ, ಗೋಡೆ ಚಿಂತೆ ಬಿಡಿ" ಅಂತ ಹೇಳಿದ್ದರು.

ಒಂದೇ ಈಡಿಗೆ ಹಲವು ಚರೆ ಹಾರಿಸುವ 12 ಗೇಜ್ ಶಾಟ್‌ಗನ್‌ನ ಡಬಲ್ ಆಟ್ ಬಕ್‌ಶಾಟ್, ಅಂದರೆ ದಪ್ಪ ಚರೆಯ ತೋಟೆ: ಬಹುತೇಕ ಚರೆಗಳು ನಾಲ್ಕೂ ಗೋಡೆ ದಾಟಿದವು, ಒಂದೆರಡು ಕೊನೆಯ ಹಲಗೆಯಲ್ಲಿ ಸಿಕ್ಕಿಕೊಂಡವು. ಹಕ್ಕಿ ಹೊಡೆಯುವ ಸಣ್ಣ ಚರೆ ಮೊದಲ ಗೋಡೆ ದಾಟಿ, ಎರಡನೆಯದರಲ್ಲಿ ಉಳಿಯಿತು. ಆಮೇಲೆ ಎಆರ್-15 ಎನ್ನುವ ರೈಫಲ್. ನಾವೆಲ್ಲ ಇದೇ ಎಲ್ಲಕ್ಕಿಂತ ಹೆಚ್ಚು ನುಗ್ಗುತ್ತದೆ ಅಂದುಕೊಂಡಿದ್ದೆವು. ಇದೂ ನಾಲ್ಕು ಗೋಡೆ ದಾಟಿತು, ನಿಜ. ಆದರೆ ಮೂರನೆಯ ಗೋಡೆಯ ಮೇಲಿನ ತೂತು ಗುಂಡಗಿರಲಿಲ್ಲ. ಬಾದಾಮಿ ಆಕಾರದ ಸೀಳು. ಗುಂಡು ಅಡ್ಡಡ್ಡ ಹೋಗುತ್ತಿತ್ತು. ಕೊನೆಯಲ್ಲಿ ಕ್ಯಾನ್‌ಗಳ ಸಾಲಿನಲ್ಲಿ ಪಿಸ್ತೂಲಿನ ಗುಂಡಿಗಿಂತ ಬೇಗ ನಿಂತಿತು, ಚೂರುಚೂರಾಗಿ.

ಪಿಸ್ತೂಲು

ಚಿಕ್ಕದು. ಮಂಚದ ಪಕ್ಕದ ಬೆರಳಚ್ಚಿನ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಡಬಹುದು. ಒಂದು ಕೈಯಲ್ಲಿ ಫೋನ್ ಹಿಡಿದು ಇಲ್ಲಿನ ತುರ್ತು ನಂಬರ್ 911ಕ್ಕೆ ಮಾತಾಡಬಹುದು, ಮಗುವನ್ನು ಎತ್ತಿಕೊಳ್ಳಬಹುದು. ಮಕ್ಕಳಿರುವ ಮನೆಗೆ ಈ ಬೀಗದ ಅನುಕೂಲ ಸಣ್ಣದಲ್ಲ.

ತೊಂದರೆ ಏನೆಂದರೆ ಮೂರರಲ್ಲಿ ಗುರಿ ಹಿಡಿಯಲು ಅತ್ಯಂತ ಕಷ್ಟವಾದದ್ದು ಇದೇ. ಭುಜದ ಆಸರೆ ಇಲ್ಲ. ಟ್ರಿಗರ್ ಎಳೆಯುವಾಗ ಮಣಿಕಟ್ಟು ಸ್ವಲ್ಪ ಅಲುಗಿದರೂ ಹತ್ತು ಅಡಿ ಆಚೆ ಅಂಗೈ ಅಗಲ ತಪ್ಪುತ್ತದೆ. ತಪ್ಪಿದ 9 ಎಂಎಂ ಗುಂಡು ಗೋಡೆಗಳನ್ನು ಸಲೀಸಾಗಿ ದಾಟುತ್ತದೆ, ಯಾಕೆಂದರೆ ಅದು ಭಾರ ಜಾಸ್ತಿ, ವೇಗ ಕಡಿಮೆ, ಮುರಿಯುವುದಿಲ್ಲ.

ಭಾರದ ಮಾತು ಬಂತಲ್ಲ, ಡಬ್ಬದ ಮೇಲೆ ಗ್ರೇನ್ ಅಂತ ಬರೆದಿರುತ್ತಾರೆ. ಅಕ್ಕಸಾಲಿಗರ ಗುಲಗಂಜಿ ಗೊತ್ತಿದ್ದವರಿಗೆ ಸುಲಭ: ಒಂದು ಗುಲಗಂಜಿ ಅಂದರೆ ಹೆಚ್ಚುಕಡಿಮೆ ಎರಡು ಗ್ರೇನ್. 9 ಎಂಎಂನಲ್ಲಿ 115, 124, 147 ಗ್ರೇನ್ ಸಿಗುತ್ತವೆ. 124 ಗ್ರೇನ್ ಅಂದರೆ ಎಂಟು ಗ್ರಾಂ. ಎಆರ್-15ರ 55 ಗ್ರೇನ್ ಗುಂಡು ಮೂರೂವರೆ ಗ್ರಾಂ ಮಾತ್ರ.

ಪಿಸ್ತೂಲೇ ಬೇಕು ಅಂದರೆ ಮನೆಯೊಳಗೆ ತಾಮ್ರ ಹೊದ್ದ ಮಾಮೂಲಿ ಗುಂಡು ಬೇಡವೇ ಬೇಡ. ಅದು ಅಭ್ಯಾಸಕ್ಕೆ. ಫೆಡರಲ್ ಎಚ್‌ಎಸ್‌ಟಿ, ಸ್ಪೀರ್ ಗೋಲ್ಡ್ ಡಾಟ್ ಥರದ ಒಳ್ಳೆಯ ಹಾಲೋ ಪಾಯಿಂಟ್ ಇಡಿ. ಗೋಡೆಗೆ ಬಡಿದಾಗ ಅದು ಅರಳದೇ ಹೋಗಬಹುದು, ಆದರೆ ಗುರಿಗೆ ತಾಗಿದಾಗ ಹೆಚ್ಚಾಗಿ ಅರಳಿ ಒಳಗೇ ನಿಲ್ಲುತ್ತದೆ. ಅರ್ಧ ಸಮಸ್ಯೆ ಅಲ್ಲೇ ಮುಗಿಯಿತು. ಎಫ್‌ಬಿಐ ಕೂಡ ನಡುವೆ 10 ಎಂಎಂ, .40 ಅಂತ ದೊಡ್ಡ ಗುಂಡುಗಳ ಹಿಂದೆ ಸುತ್ತಾಡಿ ಕೊನೆಗೆ 9 ಎಂಎಂಗೇ ವಾಪಸ್ ಬಂತು. ಹಾರಿಸಿದಾಗ ಕೈಗೆ ಬೀಳುವ ಒದೆತ ಕಡಿಮೆ, ಗುರಿ ಚೆನ್ನಾಗಿ ಬೀಳುತ್ತದೆ. ಇನ್ನೂ ದೊಡ್ಡ .45ಕ್ಕೆ ಹೋದರೆ ಗೋಡೆಯ ಲೆಕ್ಕದಲ್ಲಿ ಏನೂ ಲಾಭವಿಲ್ಲ.

ಶಾಟ್‌ಗನ್, ನಮ್ಮ ತೋಟೆಕೋವಿ

ಕನ್ನಡಿಗರಿಗೆ ಇದೇ ಪರಿಚಿತ. ಹೆಂಡತಿಯ ತವರು ಕೊಡಗು. ಮಾವನವರ ಮನೆಯಲ್ಲಿ ಜೋಡಿ ನಳಿಗೆಯ ಹನ್ನೆರಡು ಬೋರಿನ ಕೋವಿ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ದಿನ ಅದಕ್ಕೆ ತೋಕ್ ಹೂ ಇಟ್ಟು ಪೂಜೆ ಮಾಡುತ್ತಾರೆ. ಊರಿನ ಹನ್ನೆರಡು ಬೋರು, ಇಲ್ಲಿನ 12 ಗೇಜ್ ಎರಡೂ ಒಂದೇ. ನಳಿಗೆಯ ಬಾಯಿಗೆ ಸರಿಯಾಗಿ ಕೂರುವ ಸೀಸದ ಉಂಡೆ ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗಬೇಕು, ಅದೇ ಈ ಸಂಖ್ಯೆಯ ಗುಟ್ಟು.

ಶಾಟ್‌ಗನ್ ಬಗ್ಗೆ ಎರಡು ಸುಳ್ಳು ಓಡಾಡುತ್ತವೆ. ಒಂದು, "ಗುರಿ ಇಡುವುದೇ ಬೇಡ, ಇಡೀ ಕೋಣೆಗೆ ಹರಡುತ್ತದೆ." ಚರೆ ಹರಡುವುದು ಸುಮಾರಾಗಿ ಮೂರಡಿ ದೂರಕ್ಕೆ ಒಂದು ಇಂಚು. ನಿಮ್ಮ ಹಾಲ್ ಹದಿನೈದು ಅಡಿ ಇದ್ದರೆ ಐದಾರು ಇಂಚು, ಅಂದರೆ ಒಂದು ರಾಗಿಮುದ್ದೆಯ ಅಗಲ. ಗುರಿ ಇಡಲೇಬೇಕು. ಇನ್ನೊಂದು, "ಹಕ್ಕಿ ಚರೆ ಹಾಕಿ, ಗೋಡೆ ದಾಟುವುದಿಲ್ಲ." ನಮ್ಮ ಪ್ರಯೋಗದಲ್ಲಿ ಮೊದಲ ಗೋಡೆ ದಾಟಿತು ಎನ್ನುವುದು ನೆನಪಿರಲಿ. ಅಷ್ಟೇ ಅಲ್ಲ, ಏಳೂವರೆ, ಎಂಟನೇ ನಂಬರಿನ ಸಣ್ಣ ಚರೆ ಜೆಲಟಿನ್‌ನಲ್ಲಿ ಐದಾರು ಇಂಚಿಗೇ ನಿಲ್ಲುತ್ತದೆ. 12 ಇಂಚಿನ ಲೆಕ್ಕದಲ್ಲಿ ಅರ್ಧ. ಭಯಂಕರ ಗಾಯ ಮಾಡುತ್ತದೆ, ಆದರೆ ನುಗ್ಗುತ್ತಿರುವವನು ನಿಂತೇ ನಿಲ್ಲುತ್ತಾನೆ ಅಂತ ಹೇಳಲಾಗದು. ಗುಬ್ಬಿಯ ಮದ್ದು ಹುಲಿಗೆ ಇಟ್ಟ ಹಾಗೆ.

ಡಬಲ್ ಆಟ್ ಎನ್ನುವುದು ಎಲ್ಲರೂ ಕೊಳ್ಳುವ ತೋಟೆ. ಒಳಗೆ ಎಂಟೋ ಒಂಬತ್ತೋ ಚರೆ, ಒಂದೊಂದೂ 8.4 ಮಿಲಿಮೀಟರ್ ದಪ್ಪ. ಒಂದು ಈಡು ತಪ್ಪಿದರೆ ಗೋಡೆಯ ಆಚೆ ಹೋಗುವುದು ಎಂಟೊಂಬತ್ತು ಗುಂಡು. ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ನನ್ನ ಮಾತು ಕೇಳಿದರೆ ಒಂದನೇ ನಂಬರಿನ ಬಕ್‌ಶಾಟ್ ಹುಡುಕಿ. ಚರೆ 7.6 ಮಿಲಿಮೀಟರ್. ಸಾಕಷ್ಟು ಆಳ ಹೋಗುತ್ತದೆ, ಅತಿಯಾಗಿ ಹೋಗುವುದು ಕಡಿಮೆ. ಅಂಗಡಿಯಲ್ಲಿ ಸಿಗುವುದೇ ಕಷ್ಟ, ಅದು ಬೇರೆ ಮಾತು. ಡಬಲ್ ಆಟ್‌ನಲ್ಲೇ ಇರುತ್ತೀರಾದರೆ ಚರೆ ಗುಂಪಾಗಿ ಹೋಗುವಂತೆ ಬಟ್ಟಲು ಇರುವ ಫೆಡರಲ್ ಫ್ಲೈಟ್‌ಕಂಟ್ರೋಲ್ ಥರದ್ದು ತೆಗೆದುಕೊಳ್ಳಿ. ಒಂದೆರಡು ಚರೆ ಅಂಚಿನಿಂದ ಜಾರಿ ಗೋಡೆಗೆ ಹೋಗುವುದು ತಪ್ಪುತ್ತದೆ. ಸ್ಲಗ್ ಎನ್ನುವ ಒಂಟಿ ಗುಂಡು ಮಾತ್ರ ಮನೆಯೊಳಗೆ ತರಲೇಬೇಡಿ. 28 ಗ್ರಾಂ ಸೀಸ ಅದು.

ಒದೆತ ಗಮನಿಸಿ. ನನ್ನ ಹೆಂಡತಿ ಎರಡು ಈಡು ಹೊಡೆದು ಭುಜ ಉಜ್ಜಿಕೊಂಡು "ಇದನ್ನ ನೀನೇ ಇಟ್ಕೊ" ಅಂದಳು. ಮನೆಯಲ್ಲಿ ಒಬ್ಬರು ಮಾತ್ರ ಬಳಸಬಲ್ಲ ಬಂದೂಕು, ಆ ಒಬ್ಬರು ಊರಿಗೆ ಹೋದ ದಿನ ಬರೀ ಕಬ್ಬಿಣ.

ಎಆರ್-15

ಹೆಸರು ಕೇಳಿದರೆ ನಮ್ಮವರು ಹೌಹಾರುತ್ತಾರೆ. ಅದಕ್ಕೆ ಕಾರಣವೂ ಇದೆ, ಇಲ್ಲಿನ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರು ನಾವು. ನಾನೂ ತುಂಬ ದಿನ ಅದನ್ನು ಮನೆಯೊಳಗೆ ಯೋಚಿಸಲೇ ಇಲ್ಲ. ಗೋಡೆಯ ಲೆಕ್ಕ ಮಾತ್ರ ಬೇರೆಯೇ ಕಥೆ ಹೇಳುತ್ತದೆ.

ಇದರ .223 ಗುಂಡು ಹಗುರ, ವೇಗ ಸೆಕೆಂಡಿಗೆ ಸುಮಾರು 950 ಮೀಟರ್. ಪಿಸ್ತೂಲಿನ ಗುಂಡಿನದು 350ರ ಆಸುಪಾಸು. ಹಗುರ ಗುಂಡು ಇಷ್ಟು ವೇಗದಲ್ಲಿ ಏನಕ್ಕೆ ತಗುಲಿದರೂ ತೂಕ ತಪ್ಪಿ ಮಗುಚುತ್ತದೆ, ಇಲ್ಲವೇ ಒಡೆಯುತ್ತದೆ. ಭಾರವಾದ ಎತ್ತಿನಗಾಡಿ ಬೇಲಿ ಮುರಿದುಕೊಂಡು ನೇರ ಹೋಗುತ್ತದೆ, ಜೋರಾಗಿ ಬಂದ ಸೈಕಲ್ ಪಲ್ಟಿ ಹೊಡೆಯುತ್ತದೆ. ಹಾಗಾಗಿ ಒಂದೆರಡು ಗೋಡೆ ದಾಟಿದ ಮೇಲೆ ಅದಕ್ಕೆ ಉಳಿದ ಕಸುವು 9 ಎಂಎಂ ಅಥವಾ ಡಬಲ್ ಆಟ್‌ಗಿಂತ ಎಷ್ಟೋ ಸಲ ಕಡಿಮೆ. ಅಮೆರಿಕದ ಪೊಲೀಸ್ ತಂಡಗಳು ಮನೆಯೊಳಗೆ ನುಗ್ಗುವಾಗ 9 ಎಂಎಂ ಸಬ್‌ಮೆಷಿನ್‌ಗನ್ ಬಿಟ್ಟು ಇದಕ್ಕೆ ಬದಲಾದ ಕಾರಣಗಳಲ್ಲಿ ಇದೂ ಒಂದು.

ಆದರೆ ಇಲ್ಲಿ ಗುಂಡಿನ ಆಯ್ಕೆಯೇ ಎಲ್ಲ. 40ರಿಂದ 55 ಗ್ರೇನ್‌ನ, ತುದಿಗೆ ಪ್ಲಾಸ್ಟಿಕ್ ಮೊನೆ ಇರುವ ಅಥವಾ ಮೆತ್ತನೆಯ, ಬೇಗ ಒಡೆಯುವ ಗುಂಡು ಬೇರೆ. ಎಂ855 ಎನ್ನುವ 62 ಗ್ರೇನ್ ಗುಂಡಿನ ಹಸಿರು ಮೊನೆಯೊಳಗೆ ಉಕ್ಕಿನ ತುಂಡು ಇರುತ್ತದೆ. ಅಗ್ಗ ಅಂತ ಡಬ್ಬಗಟ್ಟಲೆ ಕೊಳ್ಳುತ್ತಾರೆ. ಅದು ಮನೆಗೆ ಬೇಡ. ಕಾರಿನ ಗಾಜು ದಾಟಲೆಂದೇ ಸೀಸವನ್ನೂ ತಾಮ್ರವನ್ನೂ ಬೆಸೆದು ಮಾಡಿದ ಪೊಲೀಸ್ ಗುಂಡುಗಳೂ ಬೇಡ. ಬಂದೂಕು ಒಂದೇ, ಡಬ್ಬ ಬದಲಾದರೆ ಗೋಡೆಯ ಆಚೆಯ ಕಥೆಯೂ ಬದಲಾಗುತ್ತದೆ. ಮತ್ತೆ ಹೇಳುತ್ತೇನೆ, ಒಳ್ಳೆಯ ಗುಂಡೂ ಒಂದೆರಡು ಗೋಡೆ ದಾಟುತ್ತದೆ. ಮುಂದಿನ ಕೋಣೆಯಲ್ಲಿ ಮಲಗಿದವರಿಗೆ ಅದೂ ಮಾರಕವೇ.

ಗುರಿ ಹಿಡಿಯಲು ಸುಲಭ, ಒದೆತ ಇಲ್ಲವೆನ್ನುವಷ್ಟು ಕಡಿಮೆ. ಹೆಂಡತಿಯ ಗುರಿ ಪಿಸ್ತೂಲಿಗಿಂತ ಇದರಲ್ಲಿ ಎಷ್ಟೋ ಚೆನ್ನಾಗಿ ಬಿತ್ತು. ಕೆಟ್ಟದ್ದು ಸದ್ದು. ಒಂದೇ ಒಂದು ಸಲ 140 ಡೆಸಿಬಲ್ ಮೀರಿದ ಸದ್ದು ಬಿದ್ದರೂ ಕಿವಿಗೆ ಶಾಶ್ವತ ಪೆಟ್ಟು ಆಗಬಹುದು. ಬಹುತೇಕ ಎಲ್ಲ ಬಂದೂಕುಗಳೂ ಇದನ್ನು ಮೀರುತ್ತವೆ, 16 ಇಂಚಿನ ನಳಿಗೆಯ ಎಆರ್ ಮುಚ್ಚಿದ ಕೋಣೆಯಲ್ಲಿ 160 ಕೂಡ ದಾಟುತ್ತದೆ. ಪೆಟ್ಟಿಗೆಯ ಜೊತೆ ಕಿವಿಗೆ ಹಾಕುವ ಎಲೆಕ್ಟ್ರಾನಿಕ್ ಮಫ್ ಇಡಿ. ಅದು ಗುಂಡಿನ ಸದ್ದು ತಡೆದು ಪಿಸುಮಾತನ್ನು ಜೋರು ಮಾಡುತ್ತದೆ. ಇಷ್ಟುದ್ದದ ಬಂದೂಕನ್ನು ಮಂಚದ ಪಕ್ಕ ಬೀಗದೊಳಗೆ ಇಡುವುದು ಇನ್ನೊಂದು ತಲೆನೋವು.

9 ಎಂಎಂ ಗುಂಡು ಹಾರಿಸುವ ಕಾರ್ಬೈನ್, ಅಂದರೆ ಗಿಡ್ಡ ರೈಫಲ್, ಅಂತ ನಡುವಿನದೊಂದಿದೆ. ಗುರಿ ಸುಲಭ, ಸದ್ದು ಕಡಿಮೆ, ಆದರೆ ಗೋಡೆಯ ಲೆಕ್ಕದಲ್ಲಿ ಪಿಸ್ತೂಲಿನ ಎಲ್ಲ ತೊಂದರೆಯೂ ಹಾಗೇ. .22 ಬೋರಿನ ಗುಂಡು ಸಾಕು, ಚಿಕ್ಕದಲ್ವಾ ಅನ್ನುವವರಿಗೆ: ಅದೂ ಡ್ರೈವಾಲ್ ಗೋಡೆಗಳನ್ನು ಆರಾಮಾಗಿ ದಾಟುತ್ತದೆ. ತಗುಲಿದರೆ ಪುಡಿಯಾಗುವ ಗ್ಲೇಸರ್ ಥರದ ದುಬಾರಿ ಗುಂಡುಗಳು 1970ರ ದಶಕದಿಂದ ಇವೆ. ಅವುಗಳದ್ದು ಹಕ್ಕಿ ಚರೆಯದೇ ಹಣೆಬರಹ, ಆಳ ಸಾಲದು.

ಊರಿನ ಗೋಡೆ, ಊರಿನ ಕಾನೂನು

ಇದನ್ನೆಲ್ಲ ಓದಿ ಕರ್ನಾಟಕದ ಮನೆಗೆ ಅನ್ವಯಿಸಬೇಡಿ. ಒಂಬತ್ತಿಂಚಿನ ಇಟ್ಟಿಗೆಗೋಡೆ, ಜಂಬಿಟ್ಟಿಗೆ ಗೋಡೆ ಇರುವಲ್ಲಿ ಸಮಸ್ಯೆಯೇ ಬೇರೆ: ಗುಂಡು ಸಾಮಾನ್ಯವಾಗಿ ದಾಟುವುದಿಲ್ಲ, ಸಿಡಿದು ವಾಪಸ್ ಬರಬಹುದು. ಹಲಗೆಬಾಗಿಲು, ಹೆಂಚಿನ ಮಾಡು ಮಾತ್ರ ದಾಟುತ್ತದೆ. ಆಯ್ಕೆಯೂ ಇಲ್ಲ. 9 ಎಂಎಂ ನಮ್ಮಲ್ಲಿ ನಿಷೇಧಿತ ಬೋರು. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಬಂದೂಕು, ಅದೂ ಲೈಸೆನ್ಸ್ ಸಿಕ್ಕರೆ. ಕೊಡವರಿಗೂ ಜಮ್ಮಾ ಭೂಮಿಯವರಿಗೂ (ಕೊಡಗಿನ ವಂಶಪಾರಂಪರ್ಯ ಜಮೀನು) ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ. ಅದನ್ನು ಕೇಂದ್ರ ಸರ್ಕಾರ 2019ರಲ್ಲಿ 2029ರವರೆಗೆ ಮುಂದುವರಿಸಿದೆ.

ಅಮೆರಿಕದಲ್ಲಿರುವ ನಮ್ಮವರು ಎಡವುವುದು ಇನ್ನೊಂದು ಕಡೆ. ಎಚ್-1ಬಿ ಥರದ ತಾತ್ಕಾಲಿಕ ವೀಸಾದಲ್ಲಿ ಇರುವವರು ಬಂದೂಕು, ಗುಂಡು ಇಟ್ಟುಕೊಳ್ಳುವುದು ಸಾಮಾನ್ಯವಾಗಿ ಫೆಡರಲ್ ಅಪರಾಧ. ಕೊಳ್ಳುವುದು ಮಾತ್ರವಲ್ಲ, ಇಟ್ಟುಕೊಳ್ಳುವುದೂ. ಬೇಟೆಯ ಲೈಸೆನ್ಸ್ ಇರುವವರಿಗೆ ವಿನಾಯಿತಿ ಇದೆ, ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಹೋಗಬೇಡಿ, ಶಿಕ್ಷೆ 15 ವರ್ಷದವರೆಗೂ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ನ್ಯೂಜೆರ್ಸಿಯವರು ಇನ್ನೂ ಜಾಗ್ರತೆ: ಅಲ್ಲಿ ಹಾಲೋ ಪಾಯಿಂಟ್ ಮನೆಯಲ್ಲಿ ಇಡಬಹುದು, ಆದರೆ ಮನಸ್ಸು ಬಂದಲ್ಲಿಗೆ ಒಯ್ಯುವಂತಿಲ್ಲ. ಟೆಕ್ಸಸ್‌ನಲ್ಲಿ ತುಂಬಿದ ಬಂದೂಕನ್ನು ಭದ್ರವಾಗಿ ಇಡದೆ ಅದು 17 ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕರೆ ಅದೇ ಅಪರಾಧ.

ಹೋದ ವರ್ಷ ಮಾವನವರು ಬಂದಿದ್ದರು. "ನಿನ್ನ ಕೋವಿ ತೋರಿಸು" ಅಂದರು. ವಿಸಿಟರ್ ವೀಸಾದವರು ಮುಟ್ಟುವಂತಿಲ್ಲ ಅಂತ ವಿವರಿಸಿದೆ. ಹುಟ್ಟಿದಾಗ ಒಂದು ಗುಂಡು ಹಾರಿಸಿ ಸ್ವಾಗತ ಪಡೆದ ಜನ ಅವರು. ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, "ಇದಕ್ಕೆ ಕೋವಿ ಯಾಕೆ, ಒದ್ದರೆ ಸಾಕು" ಅಂದರು.

ಅವರು ಬಂದ ಮೂರನೇ ರಾತ್ರಿ, ಬೆಳಗಿನ ಜಾವ ಮೂರಕ್ಕೆ, ಕೆಳಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಎದೆ ಧಸಕ್ಕೆಂದಿತು. ಪೆಟ್ಟಿಗೆಯ ಮೇಲೆ ಬೆರಳಿಟ್ಟೆ. ಟಾರ್ಚ್ ಹಿಡಿದು ಮೆಟ್ಟಿಲ ತುದಿಗೆ ಹೋದರೆ, ಮಾವನವರು ಕತ್ತಲಲ್ಲೇ ಕಾಫಿ ಫಿಲ್ಟರ್ ಹುಡುಕುತ್ತಿದ್ದರು. ಜೆಟ್‌ಲ್ಯಾಗ್. ಅಪ್ಪ-ಅಮ್ಮ ಆರು ತಿಂಗಳು ಬಂದು ಇರುವ ನಮ್ಮಂಥ ಮನೆಗಳಿಗೆ ಯಾವ ಬಂದೂಕಿಗಿಂತಲೂ ಮೊದಲು ಬೇಕಾದ್ದು ಒಳ್ಳೆಯ ಟಾರ್ಚ್ ಮತ್ತು "ಯಾರದು?" ಎಂಬ ಒಂದು ಕೂಗು.

ದಾರ ಹಿಡಿದು ನೋಡಿ

ಆ ವಾರಾಂತ್ಯ ನಾನು ಮಾಡಿದ ಕೆಲಸ ಬಂದೂಕಿನ ಆಯ್ಕೆಗಿಂತ ಜಾಸ್ತಿ ಉಪಯೋಗಕ್ಕೆ ಬಂತು. ಮೆಟ್ಟಿಲ ತುದಿಯಲ್ಲಿ ನಿಂತೆ. ಅಲ್ಲಿಂದ ಮುಂಬಾಗಿಲಿಗೆ, ಹಿತ್ತಲ ಗಾಜಿನ ಬಾಗಿಲಿಗೆ, ಗ್ಯಾರೇಜ್ ಬಾಗಿಲಿಗೆ ಒಂದೊಂದು ದಾರ ಕಟ್ಟಿದೆ. ಹೂ ಕಟ್ಟುವ ದಾರ, ಹೆಂಡತಿಯದು. ಪ್ರತಿ ದಾರವೂ ಗೋಡೆಗೆ ಮುಟ್ಟಿದ ಜಾಗದ ಆಚೆ ಏನಿದೆ ಅಂತ ಹೋಗಿ ನೋಡಿದೆ. ಮುಂಬಾಗಿಲ ದಾರದ ಆಚೆ ಇಟ್ಟಿಗೆ, ಹುಲ್ಲು, ಇಳಿಜಾರು. ಮೇಲಿನಿಂದ ಕೆಳಕ್ಕೆ ಹೋಗುವ ಗುಂಡು ಕೊನೆಗೆ ನೆಲ ಸೇರುತ್ತದೆ. ಒಳ್ಳೆಯದು. ಹಿತ್ತಲ ಬಾಗಿಲ ದಾರ ಎಳೆದರೆ ಪಕ್ಕದ ಮನೆಯವರ ಮಲಗುವ ಕೋಣೆಯ ಕಿಟಕಿ. ಆ ಕಡೆಗೆ ಯಾವ ಗುಂಡೂ ಇಲ್ಲ ಅಂತ ಆಗಲೇ ನಿರ್ಧಾರವಾಯಿತು. ಆ ಬಾಗಿಲಿಗೆ ಗಟ್ಟಿ ಅಡ್ಡಪಟ್ಟಿ ಹಾಕಿಸಿದೆವು, ಗಾಜಿಗೆ ಒಡೆದರೂ ಉದುರದ ಫಿಲ್ಮ್ ಅಂಟಿಸಿದೆವು. ಮುಂಬಾಗಿಲ ಚಿಲಕದ ತಗಡಿಗೆ ಮೊದಲಿದ್ದ ಮುಕ್ಕಾಲು ಇಂಚಿನ ಸ್ಕ್ರೂ ತೆಗೆದು ಮೂರಿಂಚಿನದು ಹಾಕಿದೆ. ಖರ್ಚು ಹತ್ತು ಡಾಲರ್ ಕೂಡ ಆಗಲಿಲ್ಲ. ಒದೆಯುವವನಿಗೆ ಈಗ ಒಂದಲ್ಲ ನಾಲ್ಕು ಒದೆತ ಬೇಕು.

ನಮ್ಮ ಯೋಜನೆ ಇಷ್ಟೇ. ಸದ್ದಾದರೆ ಮಕ್ಕಳು, ಅಜ್ಜ-ಅಜ್ಜಿ ಎಲ್ಲರೂ ನಮ್ಮ ಕೋಣೆಗೆ. ಬಾಗಿಲು ಹಾಕಿ 911. ಕೋಣೆ ಬಿಟ್ಟು ಹುಡುಕಲು ಹೋಗುವಂತಿಲ್ಲ. ಎಲ್ಲರೂ ನನ್ನ ಬೆನ್ನ ಹಿಂದೆ ಇದ್ದರೆ ಗೋಡೆಯ ಸಮಸ್ಯೆ ಮುಕ್ಕಾಲು ಪಾಲು ಮುಗಿಯಿತು.

ಕೊನೆಗೆ ನಮ್ಮ ಮನೆಗೆ ಬಂದದ್ದು ಎರಡು: ಹಾಸಿಗೆಯ ಪಕ್ಕದ ಪೆಟ್ಟಿಗೆಯಲ್ಲಿ ಟಾರ್ಚ್ ಕೂರಿಸಿದ 9 ಎಂಎಂ, 124 ಗ್ರೇನ್ ಹಾಲೋ ಪಾಯಿಂಟ್. ಕ್ಲೋಸೆಟ್ಟಿನ ಸೇಫ್‌ನಲ್ಲಿ ಎಆರ್, 55 ಗ್ರೇನ್ ಮೆತ್ತನೆ ಮೊನೆಯ ಗುಂಡು. ಅಪಾರ್ಟ್‌ಮೆಂಟ್‌ನಲ್ಲಿದ್ದಿದ್ದರೆ ಎರಡನ್ನೂ ತರುತ್ತಿರಲಿಲ್ಲವೇನೋ. ಮೂರು ಬದಿಗೂ ಬೇರೆಯವರ ಹಾಸಿಗೆ ಇರುವಲ್ಲಿ ಒಳ್ಳೆಯ ಬಾಗಿಲು, ಅಲಾರ್ಮ್ ಮತ್ತು ಬೊಗಳುವ ನಾಯಿಗೇ ನನ್ನ ಓಟು.

ಗ್ಯಾರೇಜ್ ಕಡೆಯ ದಾರ ಮಾತ್ರ ಹೋಗಿ ನಿಂತದ್ದು ಮಗ ತೂತು ಮಾಡಿದ್ದ ಅದೇ ಗೋಡೆಗೆ. ತೇಪೆ ಹಾಕಿದ ಗುರುತು ಇನ್ನೂ ಕಾಣುತ್ತದೆ. ಆ ಗೋಡೆಗೆ ಈಗ ನೆಲದಿಂದ ಎದೆಮಟ್ಟದವರೆಗೆ ಪುಸ್ತಕ ಒತ್ತೊತ್ತಾಗಿ ತುಂಬಿದ ಕಪಾಟು ಇದೆ. ಡ್ರೈವಾಲ್‌ಗಿಂತ ಎಷ್ಟೋ ಮೇಲು. ಮಗಳ ಮಂಚವನ್ನು ಎದುರು ಮೂಲೆಗೆ ಸರಿಸಿದೆವು. ಕಿಟಕಿಯಿಂದ ದೂರ ಆಯಿತು ಅಂತ ಅವಳಿಗೆ ಇನ್ನೂ ಕೋಪ. ಯಾಕೆ ಸರಿಸಿದೆವು ಅಂತ ಹೇಳಿಲ್ಲ. ಎಸಿ ಗಾಳಿ ಮುಖಕ್ಕೆ ಬೀಳುತ್ತೆ ಅಂದಿದ್ದೇವೆ.